ಅಮರಸುಳ್ಯದ 1837ರ ದಂಗೆ ಮತ್ತು ಒಂದು ಪ್ರೇಮಕಥೆ: ಎರಡನ್ನೂ ಒಂದೇ ಕಾದಂಬರಿಯಲ್ಲಿ ಬೆಸೆಯುವುದು ಹೇಗೆ?

ಪಯಸ್ವಿನಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಐತಿಹಾಸಿಕ ಕಾದಂಬರಿಗಳನ್ನು ಆಸಕ್ತಿಯಿಂದ ಓದುವವರೂ ಬರೆಯುವವರೂ ಇಲ್ಲಿ ಸಾಕಷ್ಟು ಮಂದಿ ಇರುವುದರಿಂದ, ಕೆಲವು ಕಾಲದಿಂದ ನನ್ನನ್ನು ಕಾಡುತ್ತಿರುವ ತೊಡಕೊಂದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ನಾನು ಬರೆಯುತ್ತಿರುವುದು ನನ್ನ ಮೊದಲ ಕಾದಂಬರಿ, ಅಮರಸುಳ್ಯ ಸೀಮೆಯ ಜನ ಈಸ್ಟ್ ಇಂಡಿಯಾ ಕಂಪನಿಯ ವಿರುದ್ಧ ಎದ್ದ ದಂಗೆಯನ್ನು ಕುರಿತದ್ದು. 1834ರ ಏಪ್ರಿಲ್‌ನಲ್ಲಿ ಮಡಿಕೇರಿ ಈಸ್ಟ್ ಇಂಡಿಯಾ ಕಂಪನಿಯ ವಶವಾಗಿ ಕೊಡಗಿನ ಅರಸ ಚಿಕವೀರರಾಜೇಂದ್ರ ಪದಚ್ಯುತನಾದ ದಿನಗಳಿಂದ, 1837ರ ಅಕ್ಟೋಬರ್ 31ರಂದು ಗುಡ್ಡೆಮನೆ ಅಪ್ಪಯ್ಯಗೌಡರನ್ನು ಮಡಿಕೇರಿಯ ಕೋಟೆಯಲ್ಲಿ ಗಲ್ಲಿಗೇರಿಸಿದ ದಿನದವರೆಗಿನ ಮೂರೂವರೆ ವರ್ಷಗಳು ಕಥೆಯ ಕಾಲ. ನಾಯಕಿ ಬೆಳ್ಳಾರೆಯ ಬಳಿಯ ಅರೆಭಾಷೆ ಗೌಡರ ಮನೆಯೊಂದರ ಮಗಳು. ನಾಯಕ ಬೆಳ್ಳಾರೆಯ ಖಜಾನೆಯಲ್ಲಿ ಕೆಲಸಕ್ಕಿರುವ ಗುಮಾಸ್ತ, ಅಂದರೆ ಕಂಪನಿಯ ಅನ್ನ ಉಣ್ಣುವವನು. ಇಬ್ಬರೂ ಕಲ್ಪಿತ ಪಾತ್ರಗಳು. ಇವರ ಸುತ್ತ ಕೆದಂಬಾಡಿ ರಾಮಯ್ಯಗೌಡರು, ಅಪ್ಪಯ್ಯಗೌಡರು, ಕಲ್ಯಾಣಸ್ವಾಮಿ ಎಂದು ಹೆಸರಾದ ಪುಟ್ಟಬಸಪ್ಪ ಮೊದಲಾದ ನಿಜ ವ್ಯಕ್ತಿಗಳು, ದಂಗೆಯ ಮುಂದಾಳುಗಳು, ಬಂದು ಹೋಗುತ್ತಾರೆ.

ಅರ್ಧ ಬರೆದು ಮುಗಿಸಿದ ಹಸ್ತಪ್ರತಿಯನ್ನು ಓದಿದ ಗೆಳತಿಯೊಬ್ಬಳು ಹೇಳಿದ ಮಾತು ನನ್ನನ್ನು ಯೋಚನೆಗೆ ಹಚ್ಚಿದೆ. ರಾಜಕೀಯ ಬರುವ ಅಧ್ಯಾಯಗಳು ಶಾಲೆಯ ಚರಿತ್ರೆಯ ಪುಸ್ತಕದಂತಿವೆ, ಪ್ರೇಮದ ಅಧ್ಯಾಯಗಳು ಯಾವ ಕಾಲದಲ್ಲಿ ಬೇಕಾದರೂ ನಡೆಯಬಹುದಾದಂತಿವೆ, ಒಂದನ್ನು ಕಿತ್ತು ಹಾಕಿದರೂ ಇನ್ನೊಂದಕ್ಕೆ ಏನೂ ಆಗುವುದಿಲ್ಲ ಎಂದಳು. ಮತ್ತೆ ಓದಿ ನೋಡಿದಾಗ ಆಕೆಯ ಮಾತನ್ನು ಅಲ್ಲಗಳೆಯಲು ನನಗೆ ಕಾರಣ ಸಿಗಲಿಲ್ಲ.

ನನ್ನ ಪ್ರಶ್ನೆ ಇಷ್ಟು. ಇಂಥ ಕಾದಂಬರಿಯಲ್ಲಿ ರಾಜಕೀಯ ಸಂಘರ್ಷಕ್ಕೆ ಎಷ್ಟು ಜಾಗ ಕೊಡಬೇಕು, ಮತ್ತು ಅದು ಪ್ರೇಮಿಗಳ ಬದುಕಿನೊಳಗೆ ಯಾವ ಬಾಗಿಲಿನಿಂದ ಬರಬೇಕು? ನಾಯಕ ಕಂಪನಿಯ ನೌಕರನಾಗಿರುವುದು ಓದುಗರಿಗೆ ಒಪ್ಪಿಗೆಯಾಗುವುದೇ? ಕೊನೆಯಲ್ಲಿ ಎಲ್ಲರಿಗೂ ಗೊತ್ತಿರುವ ಸೋಲು ಕಾದಿರುವಾಗ ಪ್ರೇಮಕಥೆಗೆ ಯಾವ ಮುಕ್ತಾಯ ಸಲ್ಲುತ್ತದೆ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಹಳೇಲೆಕ್ಕ

ಪಯಸ್ವಿನಿಯವರೇ, ನಿಮ್ಮ ಗೆಳತಿ ಸರಿಯಾದ ಜಾಗದಲ್ಲೇ ಬೆರಳಿಟ್ಟಿದ್ದಾರೆ. ಆದರೆ ಎಷ್ಟು ಜಾಗ ಎಂಬ ಲೆಕ್ಕ ಬಿಡಿ, ನಿಮ್ಮ ರಾಜಕೀಯ ಎಲ್ಲಿ ನಡೆಯುತ್ತಿದೆ ಎಂದು ಮೊದಲು ನೋಡಿಕೊಳ್ಳಿ. ಅದು ಮಡಿಕೇರಿಯ ಅರಮನೆಯಲ್ಲೂ ಕಂಪನಿಯ ಅಧಿಕಾರಿ ಕರ್ನಲ್ ಫ್ರೇಸರನ ಡೇರೆಯಲ್ಲೂ ನಡೆಯುತ್ತಿದೆ ಎಂದು ನನ್ನ ಊಹೆ. ಬೆಳ್ಳಾರೆಯ ಬೇಸಾಯಗಾರನ ಅಂಗಳಕ್ಕೆ ಅದೇ ರಾಜಕೀಯ ಕಂದಾಯದ ರೂಪದಲ್ಲಿ ಬಂತು. ನಿಮಗೆ ಬೇಕಾದ ಬಾಗಿಲು ಅದೇ.

ಕೊಡಗಿನ ಅರಸರ ಕಾಲದಲ್ಲಿ ಈ ಸೀಮೆಯ ರೈತರು ಕಂದಾಯವನ್ನು ಧಾನ್ಯದ ರೂಪದಲ್ಲಿ ಒಪ್ಪಿಸಬಹುದಾಗಿತ್ತು. ಬೆಳೆ ಚೆನ್ನಾದರೆ ಚೆನ್ನಾಗಿ ಅಳೆದು ಕೊಡುವುದು, ಕಡಿಮೆಯಾದರೆ ಪಟೇಲನ ಮುಂದೆ ಕೈಮುಗಿದು ನಿಲ್ಲುವುದು. ಕಷ್ಟವಿತ್ತು, ಆದರೆ ಕೊಡುವ ವಸ್ತು ಮನೆಯ ಕಣಜದಲ್ಲೇ ಇತ್ತು. 1834ರಲ್ಲಿ ಕೊಡಗನ್ನು ತೆಗೆದುಕೊಂಡ ಕಂಪನಿ ಅಮರಸುಳ್ಯ ಮತ್ತು ಪುತ್ತೂರು ಸೀಮೆಗಳನ್ನು ಕೊಡಗಿನಿಂದ ಕತ್ತರಿಸಿ ಕೆನರಾ ಜಿಲ್ಲೆಗೆ ಸೇರಿಸಿತು. ಕೆನರಾದಲ್ಲಾದರೋ ಥಾಮಸ್ ಮನ್ರೋ 1800ರ ಸುಮಾರಿಗೆ ಮಾಡಿದ ಏರ್ಪಾಡಿನ ಪ್ರಕಾರ ತೀರ್ವೆಯನ್ನು, ಅಂದರೆ ಭೂಕಂದಾಯವನ್ನು, ನಗದಿನಲ್ಲಿಯೇ ಕಂತುಕಂತಾಗಿ ಕಟ್ಟಬೇಕಿತ್ತು. ಅದರ ಜೊತೆಗೆ ಉಪ್ಪು ಮತ್ತು ಹೊಗೆಸೊಪ್ಪಿನ ವ್ಯಾಪಾರವೂ ಕಂಪನಿಯ ಏಕಸ್ವಾಮ್ಯದಲ್ಲಿತ್ತು. ಕೆನರಾದ ರೈತರೇ ಈ ವ್ಯವಸ್ಥೆಯನ್ನು ತಾಳಲಾರದೆ 1830-31ರಲ್ಲಿ ಕೂಟಗಳನ್ನು ಕಟ್ಟಿ ಕಂದಾಯ ಕೊಡುವುದಿಲ್ಲವೆಂದು ಹಟ ಹಿಡಿದಿದ್ದರು. ಅದೇ ನೊಗ ಮೂರು ವರ್ಷಗಳ ನಂತರ, ರೂಢಿಯೇ ಇಲ್ಲದ ಸುಳ್ಯದವರ ಕುತ್ತಿಗೆಗೆ ಬಿತ್ತು.

ಈಗ ನಿಮ್ಮ ನಾಯಕಿಯ ತಂದೆಯನ್ನು ನೋಡಿ. ಮಳೆಗಾಲದ ಏಣೇಲು ಭತ್ತದ ಬೆಳೆ ಕೊಯ್ದು ಮನೆಗೆ ಬಂದಿದೆ, ಕಂತಿನ ದಿನ ಹತ್ತಿರವಿದೆ, ಕೈಯಲ್ಲಿ ನಗದಿಲ್ಲ. ಊರಿನ ಎಲ್ಲರೂ ಅದೇ ವಾರ ಭತ್ತ ಮಾರಲು ಹೊರಟಿರುವುದರಿಂದ ವ್ಯಾಪಾರಿ ಹೇಳಿದ್ದೇ ಬೆಲೆ. ಹೇಗೋ ಹಣ ಹೊಂದಿಸಿ ಖಜಾನೆಗೆ ಹೋದರೆ ಅಲ್ಲಿ ಇನ್ನೊಂದು ಸಂಕಟ. ಆಗ ಚಲಾವಣೆಯಲ್ಲಿದ್ದದ್ದು ಹಲವು ಬಗೆಯ ಹಳೆಯ ನಾಣ್ಯಗಳು. 1835ರಲ್ಲಷ್ಟೇ ಕಂಪನಿ ತನ್ನ ಅಧೀನದ ಎಲ್ಲ ಸೀಮೆಗಳಿಗೂ ಒಂದೇ ತೂಕದ, ನಾಲ್ಕನೆಯ ವಿಲಿಯಂ ದೊರೆಯ ಮುಖವಿರುವ ಹೊಸ ಬೆಳ್ಳಿ ರೂಪಾಯಿಯನ್ನು ಹೊರತಂದಿತ್ತು. ಹಳೆಯದನ್ನು ಹೊಸದಕ್ಕೆ ಬದಲಿಸುವಲ್ಲಿ ವಟ್ಟ ಎಂಬ ಕಡಿತ, ಸವೆದ ನಾಣ್ಯಕ್ಕೆ ಮತ್ತಷ್ಟು ವಟ್ಟ. ನಿಮ್ಮ ಗುಮಾಸ್ತ ಚಾಪೆಯ ಮೇಲೆ ಕುಳಿತು ಆ ತಂದೆ ಕೊಟ್ಟ ಗಂಟನ್ನು ಬಿಚ್ಚಿ, ಒಂದೊಂದನ್ನೇ ಬೆರಳಿನಿಂದ ಮೀಟಿ ಸದ್ದು ಕೇಳಿ, ಎರಡು ನಾಣ್ಯಗಳನ್ನು ಪಕ್ಕಕ್ಕೆ ಸರಿಸುತ್ತಾನೆ. ಆ ಎರಡು ನಾಣ್ಯಗಳಿಗಾಗಿ ತಂದೆ ಮತ್ತೆ ಊರಿಗೆ ನಡೆಯಬೇಕು. ಮನೆಯ ಮೂಗುತಿಯೋ ಓಲೆಯೋ ಒತ್ತೆಗೆ ಹೋಗುತ್ತದೆ. ಹುಡುಗಿ ಆ ಗುಮಾಸ್ತನ ಹೆಸರನ್ನು ಮೊದಲು ಕೇಳುವುದು ಹೀಗೆ, ಬೈಗುಳದ ಜೊತೆಗೆ. ಇಲ್ಲಿಂದ ಪ್ರೇಮಕ್ಕೆ ಹೋಗುವ ದಾರಿ ಉದ್ದವಾಗಿದೆ, ಅದು ಒಳ್ಳೆಯದೇ. ಆ ದಾರಿಯನ್ನು ಬರೆಯುವುದೇ ನಿಮ್ಮ ಕಾದಂಬರಿ.

ಅವನು ಕಂಪನಿಯ ನೌಕರನಾಗಿರುವುದಕ್ಕೆ ಓದುಗರು ಮುನಿಯುತ್ತಾರೆಂಬ ಭಯ ಬೇಡ. ಸಂಬಳಕ್ಕಾಗಿ ದುಡಿಯುವವನನ್ನು ಓದುಗರು ಅರ್ಥಮಾಡಿಕೊಳ್ಳುತ್ತಾರೆ. ಗುಟ್ಟಾಗಿ ಮೊದಲಿನಿಂದಲೂ ದೇಶಭಕ್ತನಾಗಿದ್ದನು ಎಂದು ಕೊನೆಯಲ್ಲಿ ಬಯಲು ಮಾಡಿದರೆ ಮಾತ್ರ ಖಂಡಿತ ಮುನಿಯುತ್ತಾರೆ.

ಸಂಜೆಯ ಓದುಗ

ಹಳೇಲೆಕ್ಕ ಅವರ ವಿವರಣೆ ಸೊಗಸಾಗಿದೆ, ಆದರೆ ಅದನ್ನು ಅಕ್ಷರಶಃ ಪಾಲಿಸಿದರೆ ಪ್ರೇಮಿಗಳು ಭೇಟಿಯಾದಾಗಲೆಲ್ಲ ತೀರ್ವೆಯ ಕಂತಿನ ಬಗ್ಗೆಯೇ ಮಾತಾಡುವ ಅಪಾಯವಿದೆ. ಓದುಗನಾಗಿ ನನಗೆ ಪ್ರೇಮವೂ ಬೇಕು. ಇಬ್ಬರು ಒಬ್ಬರನ್ನೊಬ್ಬರು ಬಯಸುವುದಕ್ಕೆ ಕಂಪನಿಯ ಅಪ್ಪಣೆಯೂ ಬೇಕಿಲ್ಲ, ಕಾರಣವೂ ಬೇಕಿಲ್ಲ. ರಾಜಕೀಯ ಬರಬೇಕಾದದ್ದು ಬಯಕೆಯಲ್ಲಲ್ಲ, ಬಯಸಿದ ಮೇಲೆ ಅವರು ಏನು ಮಾಡಬಲ್ಲರು, ಏನು ಮಾಡಲಾರರು ಎಂಬಲ್ಲಿ.

ಕೊಡಗಿನ ಈ ಚರಿತ್ರೆಯನ್ನು ಕುರಿತ ಕನ್ನಡ ಕಾದಂಬರಿಗಳ ನೆರಳಿನಿಂದ ನೀವು ತಪ್ಪಿಸಿಕೊಳ್ಳುವಂತಿಲ್ಲವಾದ್ದರಿಂದ ಒಂದು ಮಾತು. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ದಲ್ಲಿ ಮನೆಯ ಜಗಳವೇ ರಾಜ್ಯದ ಜಗಳ. ಅರಸ, ಅವನ ತಂಗಿ ದೇವಮ್ಮಾಜಿ, ಭಾವಮೈದುನ ಚೆನ್ನಬಸವ, ಇವರ ನಡುವಿನ ಹಗೆ ಬೆಳೆದು, ಆ ದಂಪತಿ ಮೈಸೂರಿನ ಕಡೆಗೆ ಓಡಿ ಇಂಗ್ಲಿಷರ ಆಶ್ರಯ ಬೇಡಿದ್ದು ಚರಿತ್ರೆಯಲ್ಲೂ ನಡೆದದ್ದೇ. ಅರಮನೆಯ ಕಥೆಗೆ ಈ ಅನುಕೂಲ ಹುಟ್ಟಿನಿಂದಲೇ ಇರುತ್ತದೆ. ಅಲ್ಲಿ ಒಂದು ಮದುವೆ ಮುರಿದರೆ ಗಡಿಯೇ ಬದಲಾಗಬಹುದು. ನಿಮ್ಮ ಕಥೆಯಲ್ಲಿ ಗೌಡರ ಮನೆಯ ಹುಡುಗಿ ಯಾರನ್ನು ಮೆಚ್ಚಿದರೂ ಕಲೆಕ್ಟರನಿಗೆ ಅದರಿಂದ ಏನೂ ಆಗಬೇಕಾಗಿಲ್ಲ. ಆ ನಂಟನ್ನು ನೀವೇ ಕಟ್ಟಬೇಕು, ಅದಕ್ಕೆ ಶ್ರಮ ಹೆಚ್ಚು. ಇದೇ ದಂಗೆಯ ಮೇಲೆ ನಿರಂಜನರು ‘ಕಲ್ಯಾಣಸ್ವಾಮಿ’ ಬರೆದಿದ್ದಾರೆಂಬುದು ನಿಮಗೆ ತಿಳಿದೇ ಇರುತ್ತದೆ. ಅವರು ಸುಬ್ರಹ್ಮಣ್ಯದ ಬಳಿಯ ಕುಳಕುಂದದವರು, ಅಂದರೆ ನಿಮ್ಮ ಕಥೆ ನಡೆಯುವ ಮಣ್ಣಿನವರೇ. ಹಸ್ತಪ್ರತಿ ಮುಗಿಯುವವರೆಗೆ ಅದನ್ನು ಮತ್ತೆ ಓದಬೇಡಿ ಎಂಬುದು ನನ್ನ ಸಲಹೆ. ಅವರ ವಾಕ್ಯದ ಓಟ ಕೈಗೆ ಅಂಟಿಕೊಂಡರೆ ಬಿಡಿಸಿಕೊಳ್ಳುವುದು ಕಷ್ಟ.

ರಾಜಕೀಯವೂ ಪ್ರೇಮವೂ ಒಂದೇ ನೇಯ್ಗೆಯಲ್ಲಿ ಸಿಗುವ ನಿಜಕಥೆಯೇ ಬೇಕೆಂದರೆ ಅರಸನ ಮಗಳು ಗೌರಮ್ಮನತ್ತ ನೋಡಬಹುದು. ಕಂಪನಿಯ ಬಳಿ ಸಿಕ್ಕಿಕೊಂಡಿದ್ದ ತನ್ನ ಹಣವನ್ನು ಕೇಳಲು 1852ರಲ್ಲಿ ಇಂಗ್ಲೆಂಡಿಗೆ ಹೋದ ಚಿಕವೀರರಾಜೇಂದ್ರ ಮಗಳನ್ನೂ ಕರೆದೊಯ್ದ. ಅದೇ ವರ್ಷ ಆಕೆಗೆ ಕ್ರೈಸ್ತ ದೀಕ್ಷೆಯಾಯಿತು, ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನು ಕೊಟ್ಟಳು. ರಾಜ್ಯ ಕಳೆದುಕೊಂಡಿದ್ದ ಪಂಜಾಬಿನ ದುಲೀಪ್ ಸಿಂಗನಿಗೂ ಈಕೆಗೂ ಮದುವೆಯಾಗಲಿ ಎಂಬ ಆಸೆ ರಾಣಿಗಿತ್ತು. ಅವನು ಒಪ್ಪಲಿಲ್ಲ. ಕೊನೆಗೆ ಗೌರಮ್ಮ ತನಗಿಂತ ಬಹಳ ಹಿರಿಯನಾದ ಕರ್ನಲ್ ಜಾನ್ ಕ್ಯಾಂಪ್‌ಬೆಲ್‌ನನ್ನು 1860ರಲ್ಲಿ ಮದುವೆಯಾಗಿ, 1864ರಲ್ಲಿ ಇನ್ನೂ ಎಳೆಯ ಹರೆಯದಲ್ಲೇ ತೀರಿಕೊಂಡಳು. ಸಾಮ್ರಾಜ್ಯವೊಂದು ಮದುವೆಯ ದಲ್ಲಾಳಿಯಾಗಲು ಹೊರಟ ಕಥೆ ಇದು. ನಿಮ್ಮ ಕೊನೆಯ ಅಧ್ಯಾಯದ ನಂತರ ಒಂದು ಅನುಬಂಧವಾಗಿಯಾದರೂ ಇದನ್ನು ತರಬಹುದಲ್ಲವೇ?

ಮಾಗಣೆ

ಗೌರಮ್ಮನನ್ನು ದಯವಿಟ್ಟು ತರಬೇಡಿ. ಆಕೆ ಬಂದರೆ ಓದುಗರ ಕಣ್ಣು ಲಂಡನ್ನಿನ ಕಡೆಗೆ ತಿರುಗುತ್ತದೆ, ಬೆಳ್ಳಾರೆಯ ಹುಡುಗಿ ಮೂಲೆಗೆ ಸೇರುತ್ತಾಳೆ. ನಮ್ಮ ಐತಿಹಾಸಿಕ ಕಾದಂಬರಿಗಳಿಗೆ ರಾಜಕುಮಾರಿಯರ ಮೇಲಿನ ಮೋಹ ಮೊದಲೇ ಹೆಚ್ಚು.

ನಾನು ಆ ಕಡೆಯವನಾದ್ದರಿಂದ ಬೇರೊಂದು ಸಂಗತಿಯನ್ನು ನೆನಪಿಸುತ್ತೇನೆ. ಇಷ್ಟು ಚರ್ಚೆ ನಡೆದರೂ ಅದನ್ನು ಇಲ್ಲಿ ಯಾರೂ ಎತ್ತದಿರುವುದು ನನಗೆ ಆಶ್ಚರ್ಯ ತಂದಿದೆ. ಈ ದಂಗೆ ಶುರುವಾದದ್ದೇ ಒಂದು ಮದುವೆಯ ಹೆಸರಿನಲ್ಲಿ. ಕೆದಂಬಾಡಿ ರಾಮಯ್ಯಗೌಡರ ಮಗನ ಮದುವೆಯ ನೆಪ ಮಾಡಿ ಉಬರಡ್ಕ ಮಿತ್ತೂರಿನ ಮದುವೆಗದ್ದೆಯಲ್ಲಿ ಜನ ಸೇರಿದರು ಎಂಬುದು ನಮ್ಮಲ್ಲಿ ಹಿರಿಯರಿಂದ ಕೇಳಿಕೊಂಡು ಬಂದ ಮಾತು. ಮಾರ್ಚ್ ತಿಂಗಳ ಕೊನೆ, ಸುಗ್ಗಿ ಬೆಳೆ ಮನೆ ಸೇರಿದ ಮೇಲೆ ಮದುವೆಗಳ ಕಾಲ. ನೂರಾರು ಮಂದಿ ಒಂದೆಡೆ ಸೇರಿದರೂ, ದೊಡ್ಡ ದೊಡ್ಡ ಹಂಡೆಗಳಲ್ಲಿ ಅಡುಗೆ ನಡೆದರೂ ಕಚೇರಿಯವರಿಗೆ ಅನುಮಾನ ಬರುವಂತಿರಲಿಲ್ಲ. ಪ್ರೇಮಕಾದಂಬರಿ ಬರೆಯುವವರಿಗೆ ಚರಿತ್ರೆ ಇದಕ್ಕಿಂತ ದೊಡ್ಡ ಉಡುಗೊರೆಯನ್ನು ಕೊಡಲು ಸಾಧ್ಯವೇ? ಚಪ್ಪರ ಹಾಕುವ ಕೆಲಸಕ್ಕೆ ನಿಮ್ಮ ನಾಯಕಿಯ ಅಣ್ಣಂದಿರು ಹೋಗುತ್ತಾರೆ, ಅಡುಗೆಯ ನೆರವಿಗೆ ಹೆಂಗಸರು ಹೋಗುತ್ತಾರೆ, ದಿಬ್ಬಣದಲ್ಲಿ ಕತ್ತಿ ಕೋವಿಗಳೂ ಬರುತ್ತವೆ, ಇದು ಎಂಥ ಮದುವೆ ಎಂದು ಅವಳಿಗೆ ಸಂಶಯ ಹುಟ್ಟುತ್ತದೆ. ಖಜಾನೆಯ ಗುಮಾಸ್ತನಿಗೆ ಅದನ್ನು ಹೇಳಬೇಕೇ ಬೇಡವೇ ಎಂಬುದು ಅವಳ ಮುಂದಿನ ಪ್ರಶ್ನೆ, ಏಕೆಂದರೆ ಮದುವೆಗದ್ದೆಯಿಂದ ಹೊರಟವರು ಮೊದಲು ವಶಪಡಿಸಿಕೊಂಡದ್ದೇ ಬೆಳ್ಳಾರೆಯ ಖಜಾನೆಯನ್ನು. ಹೇಳಿದರೆ ತನ್ನವರಿಗೆ ದ್ರೋಹ, ಹೇಳದಿದ್ದರೆ ಅವನ ತಲೆ ಹೋದರೂ ಹೋಗಬಹುದು. ನಿಮ್ಮ ಗೆಳತಿ ಕೇಳಿದ ಬೆಸುಗೆ ಇಲ್ಲಿದೆ.

ಇನ್ನೊಂದು ದಿನವನ್ನೂ ಗುರುತು ಹಾಕಿಕೊಳ್ಳಿ. ದಂಗೆಕೋರರು ಪುತ್ತೂರು, ಪಾಣೆಮಂಗಳೂರು, ಬಂಟ್ವಾಳದ ಮಾರ್ಗವಾಗಿ ನಡೆದು 1837ರ ಏಪ್ರಿಲ್ 5ರಂದು ಮಂಗಳೂರು ಸೇರಿ, ಈಗ ಬಾವುಟಗುಡ್ಡೆ ಎಂದು ಕರೆಯುವಲ್ಲಿ ಕಂಪನಿಯ ಬಾವುಟ ಇಳಿಸಿ ತಮ್ಮದನ್ನು ಏರಿಸಿದರು. ಊರು 13 ದಿನ ಅವರ ಕೈಯಲ್ಲಿತ್ತು. ಆ ಹದಿಮೂರು ದಿನಗಳ ಒಳಗೇ ಬಿಸು ಬರುತ್ತದೆ. ನಮ್ಮಲ್ಲಿ ಬಿಸು ಎಂದರೆ ಕಣಿ ಇಡುವ ಹಬ್ಬ ಮಾತ್ರವಲ್ಲ, ಬೇಸಾಯದ ಹೊಸ ವರ್ಷ. ಒಕ್ಕಲುಗಳು ಧಣಿಯ ಮನೆಗೆ ತರಕಾರಿ ಹೊತ್ತು ಹೋಗುವ, ಗೇಣಿಯ ಮಾತು ಮುಂದುವರಿಯುವ ದಿನ. ಗಂಡಸರೆಲ್ಲ ಮಂಗಳೂರಿಗೆ ಹೋಗಿರುವ ಮನೆಯಲ್ಲಿ ಹೆಂಗಸರೇ ಹಿಂದಿನ ರಾತ್ರಿ ತಟ್ಟೆಯಲ್ಲಿ ಅಕ್ಕಿ ಹರಡಿ, ತೆಂಗಿನಕಾಯಿ, ಹಿಂಗಾರ, ಮುಳ್ಳುಸೌತೆ, ಕನ್ನಡಿ ಇಟ್ಟು ಕಣಿ ಜೋಡಿಸುತ್ತಾರೆ. ಒಡವೆ ಇಡಬೇಕಾದ ಜಾಗ ಮಾತ್ರ ಖಾಲಿ, ಅದು ಒತ್ತೆಗೆ ಹೋಗಿದೆ. ಹಳೇಲೆಕ್ಕ ಅವರ ಕಂದಾಯ ಇಲ್ಲಿ ತಾನಾಗಿಯೇ ಬಂದು ಕೂರುತ್ತದೆ, ಯಾರೂ ಭಾಷಣ ಮಾಡಬೇಕಾಗಿಲ್ಲ.

ಜಾತಿಯ ವಿಷಯವನ್ನು ಮರೆಯದಿರಿ. ನಾಯಕ ಗೌಡರವನೇ ಆಗಿದ್ದರೆ ಬಳಿ, ಅಂದರೆ ಕುಲದ ಕವಲು, ಬೇರೆಯಾಗಿರಬೇಕು, ಒಂದೇ ಬಳಿಯಲ್ಲಿ ಮದುವೆಯಿಲ್ಲ. ಬೇರೆ ಜಾತಿಯವನಾದರೆ ಅವರ ನಡುವಿನ ದೊಡ್ಡ ಗೋಡೆ ಕಂಪನಿಯಲ್ಲ, ಚಾವಡಿಯಲ್ಲಿ ಕೂತ ಹಿರಿಯರು. ಅದನ್ನು ಮುಚ್ಚಿಟ್ಟು ಬ್ರಿಟಿಷರೊಬ್ಬರನ್ನೇ ಖಳರನ್ನಾಗಿಸಿದರೆ ಕಥೆ ಸುಳ್ಳಾಗುತ್ತದೆ. ಆದರೆ ಇದರೊಳಗೆ ಒಂದು ಸ್ವಾರಸ್ಯವೂ ಇದೆ: ಗೌಡರು, ಬೆಟ್ಟದ ಬುಡಕಟ್ಟಿನ ಕುಡಿಯರು, ನಂದಾವರದ ಜೈನ ಅರಸು ಮನೆತನದ ಲಕ್ಷ್ಮಪ್ಪ ಬಂಗರಸರು, ಹೀಗೆ ಬೇರೆ ಬೇರೆ ಪಂಕ್ತಿಗಳಲ್ಲಿ ಉಣ್ಣುವವರು ಆ ಕೆಲವು ದಿನ ಒಂದೇ ದಾರಿಯಲ್ಲಿ ನಡೆದರು. ಪ್ರೇಮಿಗಳಿಗೆ ಹುಚ್ಚು ಆಸೆ ಹುಟ್ಟುವುದಕ್ಕೆ ಅಷ್ಟು ಸಾಕು.

ಕಡೆಯದಾಗಿ ಸಣ್ಣ ಎಚ್ಚರಿಕೆಗಳು. ಈಗ ಸುಳ್ಯದ ಗುಡ್ಡಗಳ ತುಂಬ ಕಾಣುವ ರಬ್ಬರ್ ಆಗ ಇರಲಿಲ್ಲ. ನಾಯಕಿ ಪತ್ರ ಓದುವುದು ಬೇಡ. ಆ ಕಾಲದ ಬೇಸಾಯಗಾರರ ಮನೆಯ ಹುಡುಗಿಗೆ ಓದು ಬರುತ್ತಿತ್ತೆಂದು ಯಾರೂ ನಂಬುವುದಿಲ್ಲ. ಪತ್ರಿಕೆಯೂ ಬೇಡ, ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಟದ್ದೇ 1843ರಲ್ಲಿ. ಸುದ್ದಿಯೆಲ್ಲ ಬಾಯಿಂದ ಬಾಯಿಗೆ, ಸಂತೆಯಲ್ಲಿ, ಭೂತಕೋಲದಲ್ಲಿ ಹಬ್ಬಲಿ.

ಪಯಸ್ವಿನಿ

ಮೂವರಿಗೂ ಕೃತಜ್ಞಳಾಗಿದ್ದೇನೆ. ಮದುವೆಗದ್ದೆಯ ಪ್ರಸಂಗ ನನ್ನ ಹಸ್ತಪ್ರತಿಯಲ್ಲಿ ಇತ್ತಾದರೂ, ಮುಖಂಡರ ಮಾತುಕತೆಯಾಗಿ ಒಂದೂವರೆ ಪುಟದಲ್ಲಿ ಮುಗಿದುಹೋಗಿತ್ತು, ಅದರಲ್ಲಿ ನಾಯಕಿಗೆ ಪ್ರವೇಶವೇ ಇರಲಿಲ್ಲ. ಈಗ ಅದನ್ನು ಅವಳ ಕಣ್ಣಿನಿಂದ, ಅಡುಗೆಯ ಒಲೆಯ ಬಳಿಯಿಂದ ಬರೆಯಬೇಕೆಂದುಕೊಂಡಿದ್ದೇನೆ. ಫ್ರೇಸರನ ಡೇರೆಯ ಅಧ್ಯಾಯವನ್ನು ಪೂರ್ತಿ ತೆಗೆದುಹಾಕುತ್ತೇನೆ. ಆ ಅಧ್ಯಾಯಕ್ಕಾಗಿ ಬಹಳ ಓದಿದ್ದೆ, ಸಂಕಟವಾಗುತ್ತದೆ, ಆದರೂ ತೆಗೆಯುತ್ತೇನೆ.

ಇನ್ನೆರಡು ಸಂದೇಹಗಳು ಉಳಿದಿವೆ. ರಾಮಯ್ಯಗೌಡರು, ಅಪ್ಪಯ್ಯಗೌಡರು ಇಂದಿಗೂ ಜನರ ಮನಸ್ಸಿನಲ್ಲಿ ಪೂಜ್ಯರಾಗಿರುವವರು. ರಾಮಯ್ಯಗೌಡರ ಪ್ರತಿಮೆ 2022ರಲ್ಲಿ ಬಾವುಟಗುಡ್ಡೆಯಲ್ಲಿಯೇ ಅನಾವರಣಗೊಂಡಿದೆ. ಅಂಥವರ ಬಾಯಲ್ಲಿ ಕಲ್ಪಿತ ಮಾತುಗಳನ್ನು ಆಡಿಸುವುದು ಎಷ್ಟು ಸರಿ? ಮತ್ತು ಪುಟ್ಟಬಸಪ್ಪ ಕಲ್ಯಾಣಸ್ವಾಮಿಯ ವೇಷ ಧರಿಸಿದ್ದನ್ನು ಸಹಾನುಭೂತಿಯಿಂದ ಬರೆಯುವುದೋ, ಕಂಪನಿಯ ಕಡತಗಳಂತೆ ವಂಚನೆ ಎಂದು ಬರೆಯುವುದೋ?

ಕಡತಪಾಲ

ಎರಡನೆಯ ಸಂದೇಹವನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ನಿಮ್ಮ ಕಾದಂಬರಿಯ ಜೀವಾಳ ಅಲ್ಲಿರಬಹುದೆಂದು ನನಗೆ ತೋರುತ್ತದೆ.

ಕೊಡಗನ್ನು ಆಳಿದ ಹಾಲೇರಿ ವಂಶದವನೆಂದು ಹೇಳಿಕೊಂಡು ಮೊದಲು ಕಾಣಿಸಿಕೊಂಡವನು ಅಪರಂಪಾರ ಸ್ವಾಮಿ. ಅವನನ್ನು ಕಂಪನಿ ಸೆರೆಹಿಡಿಯಿತು. ಆಮೇಲೆ ಕಲ್ಯಾಣಸ್ವಾಮಿ ಬಂದ, ಅವನನ್ನೂ ಸೆರೆಹಿಡಿದರು. ಆಗ ಪುಟ್ಟಬಸಪ್ಪ ಎಂಬ ಬೇಸಾಯದ ಮನುಷ್ಯ ಅದೇ ಹೆಸರನ್ನು ಹೊತ್ತು ಮುಂದೆ ನಿಂತ. ಒಬ್ಬ ಹೋದರೆ ಇನ್ನೊಬ್ಬ ಬರುವುದಕ್ಕೆ ಕಾರಣವೊಂದೇ: ಜನರಿಗೆ ಒಬ್ಬ ಅರಸು ಬೇಕಿತ್ತು. ಕಂದಾಯದ ಭಾರ ಎಲ್ಲರಿಗೂ ತಟ್ಟಿದ್ದರೂ, ಹಾಲೇರಿಯ ಹೆಸರಿಲ್ಲದೆ ಗೌಡನೂ ಕುಡಿಯನೂ ಒಂದೆಡೆ ಸೇರುವಂತಿರಲಿಲ್ಲ. ಮುಂದಾಳುಗಳಿಗೆ ನಿಜ ತಿಳಿದಿತ್ತು, ಹಿಂದೆ ನಡೆದವರಲ್ಲಿ ಎಷ್ಟೋ ಮಂದಿಗೆ ತಿಳಿದಿರಲಿಲ್ಲ. ಒಂದು ದೊಡ್ಡ ಉದ್ದೇಶಕ್ಕಾಗಿ ತಾನಲ್ಲದವನಾಗಿ ಬಾಳುವುದು ವಂಚನೆಯೋ ತ್ಯಾಗವೋ ಎಂದು ನೀವು ತೀರ್ಪು ಕೊಡಬೇಕಾಗಿಲ್ಲ. ನಿಮ್ಮ ಗುಮಾಸ್ತನೂ ಹಗಲೆಲ್ಲ ಕಂಪನಿಯವನಂತೆ ನಟಿಸಿ ಸಂಜೆ ಬೇರೊಬ್ಬನಾಗುತ್ತಾನಲ್ಲ. ಪುಟ್ಟಬಸಪ್ಪನನ್ನು ಅವನೊಮ್ಮೆ ಹತ್ತಿರದಿಂದ ನೋಡಲಿ, ಅರಸನ ಉಡುಪಿನೊಳಗಿನ ನೇಗಿಲು ಹಿಡಿದ ಕೈಯನ್ನು ಗುರುತಿಸಲಿ, ಗುರುತಿಸಿಯೂ ಸುಮ್ಮನಿರಲಿ. ಲೆಕ್ಕ ಬರೆಯುವವನ ಕಣ್ಣಿಗೆ ಅಂಥದ್ದು ಬೀಳುತ್ತದೆ.

ಮೂಲಗಳ ಬಗ್ಗೆ ಒಂದು ಮಾತು. ಮೋಗ್ಲಿಂಗ್ ಅವರ ಕೊಡಗಿನ ಬರಹ 1855ರದ್ದು, ರಿಕ್ಟರ್ ಅವರ ಕೈಪಿಡಿ 1870ರದ್ದು. ಇಬ್ಬರೂ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯವರು, ಇಬ್ಬರಿಗೂ ಕಂಪನಿಯ ಆಡಳಿತ ಒಳ್ಳೆಯದೆಂಬ ನಂಬಿಕೆ. ಅವರನ್ನು ಓದಿ, ಆದರೆ ಅವರ ವಿಶೇಷಣಗಳನ್ನು ಬಿಟ್ಟು ದಿನಾಂಕಗಳನ್ನೂ ಊರುಗಳನ್ನೂ ಮಾತ್ರ ತೆಗೆದುಕೊಳ್ಳಿ. ಇನ್ನೊಂದು ಕಡೆಯಲ್ಲಿ, ಊರವರ ನೆನಪು ಕೂಡ ಒಂದೇ ಬಗೆಯದಲ್ಲ. ಸುಳ್ಯದಲ್ಲಿ ಇದು ವೀರರ ಕಥೆ. ಮಂಗಳೂರಿನ ಕಡೆ ಹಳಬರು ಇದನ್ನು ‘ಕಲ್ಯಾಣಪ್ಪನ ಕಾಟಕಾಯಿ’ ಎಂದು ಲೂಟಿಯಾಗಿಯೇ ನೆನೆಯುತ್ತಿದ್ದರು. ಕಚೇರಿಗಳಿಗೆ ಬೆಂಕಿ ಬಿತ್ತು, ಬಂದೀಖಾನೆಯ ಬಾಗಿಲು ತೆರೆಯಿತು, ಇಂಗ್ಲಿಷ್ ಅಧಿಕಾರಿಗಳು ಹಡಗು ಹತ್ತಿ ಕಣ್ಣೂರಿನ ಕಡೆಗೆ ಹೋದರು. ಆ ಗದ್ದಲದಲ್ಲಿ ಅಂಗಡಿ ಕಳೆದುಕೊಂಡವರೂ ಇದ್ದಿರಲೇಬೇಕು. ನಿಮ್ಮ ನಾಯಕನ ಅಕ್ಕನನ್ನೋ ಸೋದರಮಾವನನ್ನೋ ಮಂಗಳೂರಿನ ಪೇಟೆಯಲ್ಲಿ ಅಂಗಡಿಯವರ ಮನೆಯಲ್ಲಿಡಿ. ದಂಗೆಯ ಎರಡೂ ಮುಖಗಳು ಆಗ ಒಂದೇ ಕುಟುಂಬದೊಳಗೆ ಬರುತ್ತವೆ.

ನಿಜವ್ಯಕ್ತಿಗಳ ವಿಷಯದಲ್ಲಿ ನಾನು ಪಾಲಿಸುವ ನಿಯಮ ಇಷ್ಟು: ಅವರು ಮಾಡಿದರೆಂದು ತಿಳಿದಿರುವುದನ್ನು ಮಾಡಿಸಬಹುದು, ಅವರ ಮನಸ್ಸಿನ ಒಳಗೆ ಹೋಗಬಾರದು. ರಾಮಯ್ಯಗೌಡರು ಚಪ್ಪರದ ಕೆಳಗೆ ನಿಂತು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದು ಊಟಕ್ಕೆ ಕೂರಿಸಲಿ, ನಾಯಕಿಗೆ ಕಾಣುವಷ್ಟು ಮಾತ್ರ ಕಾಣಲಿ. ಅವರ ಖಾಸಗಿ ಬದುಕಿಗೆ ಇಲ್ಲದ ಪ್ರೇಮ, ಇಲ್ಲದ ಕಲಹ ಸೇರಿಸಿದರೆ ವಂಶಸ್ಥರಿಗೂ ನೋವು, ಚರಿತ್ರೆಗೂ ಅನ್ಯಾಯ. ಸಂಭಾಷಣೆಗೆ ಅರೆಭಾಷೆಯನ್ನೇ ಬಳಸಿ, ನಿರೂಪಣೆ ಶಿಷ್ಟ ಕನ್ನಡದಲ್ಲಿರಲಿ. ಮನೆಯೊಳಗೆ ಅರೆಭಾಷೆ, ಸಂತೆಯಲ್ಲಿ ತುಳು, ಕಚೇರಿಯಲ್ಲಿ ಕನ್ನಡ ಎಂದು ಬೇರ್ಪಡಿಸಿದರೆ ಗುಮಾಸ್ತ ಯಾವ ಮಾತಿನಲ್ಲಿ ಅವಳೊಡನೆ ಮಾತಾಡುತ್ತಾನೆ ಎಂಬುದರಿಂದಲೇ ಅವರ ಸಲಿಗೆ ಎಷ್ಟು ಬೆಳೆದಿದೆ ಎಂದು ಓದುಗರಿಗೆ ತಿಳಿಯುತ್ತದೆ.

ಸಂಜೆಯ ಓದುಗ

ಗೌರಮ್ಮನನ್ನು ಬಿಟ್ಟುಬಿಡುವುದಕ್ಕೆ ನನ್ನ ಒಪ್ಪಿಗೆಯಿದೆ. ಆದರೆ ಮುಕ್ತಾಯದ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ನನ್ನ ಮಟ್ಟಿಗೆ ನಾಯಕ ಗಲ್ಲಿಗೇರಲೇಬೇಕು. ಪುಟ್ಟಬಸಪ್ಪ, ಬಂಗರಸರು ಮಂಗಳೂರಿನ ಬಿಕರ್ನಕಟ್ಟೆಯಲ್ಲಿ, ಅಪ್ಪಯ್ಯಗೌಡರು ಮಡಿಕೇರಿಯಲ್ಲಿ ಪ್ರಾಣಕೊಟ್ಟ ಕಥೆಯಲ್ಲಿ ಪ್ರೇಮಿಗಳು ಸುಖವಾಗಿದ್ದರು ಎಂದು ಮುಗಿಸಿದರೆ ಓದುಗರಿಗೆ ಕಸಿವಿಸಿಯಾಗುತ್ತದೆ.

ಹಳೇಲೆಕ್ಕ

ಇದನ್ನು ನಾನು ಒಪ್ಪಲಾರೆ. ಆ ಗಲ್ಲುಗಂಬ ನಿಜವಾಗಿ ಸತ್ತವರದ್ದು, ಅವರ ಪಕ್ಕದಲ್ಲಿ ಕಲ್ಪಿತ ನಾಯಕನನ್ನು ನಿಲ್ಲಿಸಿ ಕಣ್ಣೀರು ತರಿಸುವುದು ಎರವಲು ದುಃಖವಾಗುತ್ತದೆ. ಹಲವರನ್ನು ಸಿಂಗಾಪುರಕ್ಕೆ ಗಡೀಪಾರು ಮಾಡಿದ್ದೂ ಇದೇ ಚರಿತ್ರೆಯ ಭಾಗ. ಖಜಾನೆಯ ಬೀಗದಕೈಯನ್ನು ದಂಗೆಕೋರರಿಗೆ ಕೊಟ್ಟನೆಂಬ ಆಪಾದನೆಯ ಮೇಲೆ ಗುಮಾಸ್ತನನ್ನೂ ಹಡಗಿಗೆ ಹತ್ತಿಸಬಹುದು. ಅವನು ಸತ್ತನೆಂದು ಯಾರೂ ಬಂದು ಹೇಳುವುದಿಲ್ಲ, ಬದುಕಿದ್ದಾನೆಂದೂ ಹೇಳುವುದಿಲ್ಲ. ಹುಡುಗಿಯ ಹಿರಿಯರು ಬೇರೆ ಗಂಡು ನೋಡಲು ಹೊರಡುತ್ತಾರೆ, ಅವಳು ಏನೆಂದು ಬೇಡವೆನ್ನಬೇಕು? ಮದುವೆಯೇ ಆಗದವನಿಗಾಗಿ ಕಾಯುವ ಹಕ್ಕು ಅವಳಿಗೆ ಯಾರು ಕೊಟ್ಟರು?

ಕಂಪನಿ ಗೆದ್ದ ಮೇಲೆ ಸುಳ್ಯವನ್ನು ಕೊಡಗಿಗೆ ಮರಳಿಸಲಿಲ್ಲ, ಅದು ಕೆನರಾದಲ್ಲೇ ಉಳಿಯಿತು, ಕಂತುಗಳೂ ಉಳಿದವು. ಆದ್ದರಿಂದ ನೀವು ಅಕ್ಟೋಬರ್ 31ಕ್ಕೆ ನಿಲ್ಲಿಸದೆ ಮುಂದಿನ ಕಂತಿನವರೆಗೆ ಕಥೆಯನ್ನು ಎಳೆಯಿರಿ. ತಂದೆ ಓಡಾಡುವ ಸ್ಥಿತಿಯಲ್ಲಿಲ್ಲ, ಅಣ್ಣಂದಿರು ತಲೆಮರೆಸಿಕೊಂಡಿದ್ದಾರೆ. ಬೆಳ್ಳಾರೆಗೆ ಹಣದ ಗಂಟು ಹೊತ್ತು ಹೋಗುವವಳು ಅವಳೇ. ಚಾಪೆಯ ಮೇಲೆ ಹೊಸ ಗುಮಾಸ್ತನೊಬ್ಬ ಕುಳಿತಿರುತ್ತಾನೆ. ಅವನ ಬಾಯಿಂದ ಹಳೆಯವನ ಬಗ್ಗೆ ಏನಾದರೂ ತಿಳಿಯುತ್ತದೆಯೋ ಇಲ್ಲವೋ ಎಂಬುದನ್ನು ನೀವೇ ತೀರ್ಮಾನಿಸಬೇಕು, ಅದನ್ನು ನಾವು ಇಲ್ಲಿಂದ ಹೇಳಲಾಗದು.